ಬಟ್ಟೆ ಹಾಕಿಕೊಂಡವನ ಕಥೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಹೋದ ತಿಂಗಳು ಮದುವೆ ಸೀಸನ್‌ಗೆಂದು ಗಂಡಸರ ಬಟ್ಟೆಯ ಫೋಟೋ ಪುಟಗಳನ್ನು ಹಾಕಿದ್ದೆವು. ಬಟ್ಟೆ ಬಗ್ಗೆ ಬಂದ ಪತ್ರ ಕಡಿಮೆ, ಅದನ್ನು ಹಾಕಿಕೊಂಡು ನಿಂತ ಮಾಡೆಲ್ ಹುಡುಗರ ಬಗ್ಗೆ ಬಂದದ್ದೇ ಜಾಸ್ತಿ. ಯಾರು ಇವರು, ಎಷ್ಟು ದುಡ್ಡು ಸಿಗುತ್ತದೆ, ನಮ್ಮ ಹುಡುಗನೂ ಹೋಗಬಹುದಾ ಅಂತ. ಸ್ಟೈಲಿಸ್ಟ್ ಆಗಿ, ಅಂದರೆ ಶೂಟಿಂಗ್‌ನಲ್ಲಿ ಬಟ್ಟೆ ಹೊಂದಿಸುವವಳಾಗಿ, ಇಂಥ ಹುಡುಗರ ಕಾಲರ್ ಸರಿಮಾಡಿಯೇ ಹೊಟ್ಟೆ ಹೊರೆದವಳು ನಾನು, ಹಾಗಾಗಿ ಈ ಸಲ ಪೂರ್ತಿ ಅಂಕಣ ಅವರಿಗೇ.

ಪ್ರಶ್ನೆ: ಮೇಡಂ, ನಾನು ಟೈಲರ್. ಗಿರಾಕಿಗಳು ಮೊಬೈಲ್‌ನಲ್ಲಿ ಮಾಡೆಲ್ ಫೋಟೋ ತೋರಿಸಿ "ನನಗೂ ಹಿಂಗೇ ಕೂರಬೇಕು" ಅನ್ನುತ್ತಾರೆ. ನಾನು ಎಷ್ಟು ಚೆನ್ನಾಗಿ ಹೊಲಿದರೂ ಸೊಂಟದ ಹತ್ತಿರ, ಕಂಕುಳ ಕೆಳಗೆ ಒಂದು ಸುಕ್ಕು ಬಂದೇ ಬರುತ್ತದೆ. ಅವರಿಗೆಲ್ಲ ಯಾರು ಹೊಲಿಯುತ್ತಾರೆ? (ರಾಣೆಬೆನ್ನೂರು)

ಯಾರೂ ಹೊಲಿಯುವುದಿಲ್ಲ. ಕ್ಲಿಪ್ ಹಾಕುತ್ತಾರೆ!

ಆ ಹುಡುಗನ ಬೆನ್ನ ಹಿಂದೆ ಹೋಗಿ ನೋಡಿದರೆ ನಿಮಗೆ ನಗು ತಡೆಯಲಾಗುವುದಿಲ್ಲ. ಆಫೀಸಿನಲ್ಲಿ ಕಾಗದದ ಕಟ್ಟಿಗೆ ಹಾಕುವ ಕಪ್ಪು ಕ್ಲಿಪ್‌ಗಳಿರುತ್ತವಲ್ಲ, ಅವೇ, ಕುತ್ತಿಗೆಯಿಂದ ಸೊಂಟದವರೆಗೆ ಸಾಲಾಗಿ. ಕಂಪನಿಯಿಂದ ಶೂಟಿಂಗ್‌ಗೆ ಬರುವುದು ಒಂದೇ ಅಳತೆಯ ಸ್ಯಾಂಪಲ್, ಕೋಟಾದರೆ ಸಾಮಾನ್ಯವಾಗಿ 38 ಅಥವಾ 40. ಮಾಡೆಲ್‌ಗಳನ್ನು ಆ ಅಳತೆ ನೋಡಿಯೇ ಕರೆಯುತ್ತಾರೆ, ಆದರೂ ಮೈ ಮೈಯೇ, ಎಲ್ಲೋ ಒಂದು ಕಡೆ ಸಡಿಲ ಇದ್ದೇ ಇರುತ್ತದೆ. ಆ ಸಡಿಲವನ್ನೆಲ್ಲ ಹಿಂದಕ್ಕೆ ಎಳೆದು ಹಿಡಿದರೆ ಮುಂದೆ ಕನ್ನಡಿಯ ಹಾಗೆ ನುಣುಪು. ಆ ಹುಡುಗ ಒಂದಿಂಚು ಪಕ್ಕಕ್ಕೆ ತಿರುಗಿದರೆ ಗುಟ್ಟು ರಟ್ಟು, ಅದಕ್ಕೇ ಅವನು ನೇರವಾಗಿ ಕ್ಯಾಮೆರಾಗೆ ಎದೆ ಕೊಟ್ಟು ನಿಂತಿರುತ್ತಾನೆ. ಪ್ಯಾಂಟು ಉದ್ದವಾದರೆ ಒಳಗೆ ಮಡಚಿ ಟೇಪ್ ಹಚ್ಚುತ್ತೇವೆ, ಹೊಲಿಯುವುದಕ್ಕೆ ಎಲ್ಲಿ ಟೈಮು. ಶೂ ಅಡಿಗೂ ಟೇಪ್, ಯಾಕೆಂದರೆ ಸಂಜೆ ಅದನ್ನು ಹೊಸದರ ಹಾಗೆ ಬ್ರ್ಯಾಂಡ್‌ಗೆ ವಾಪಸ್ ಕೊಡಬೇಕು. ಮುಖದ ಮೇಕಪ್ ಬಿಳಿ ಕಾಲರ್‌ಗೆ ತಾಗಬಾರದು ಅಂತ ಶಾಟ್‌ಗಳ ನಡುವೆ ಕುತ್ತಿಗೆ ಸುತ್ತ ಟಿಶ್ಯೂ. ಇಸ್ತ್ರಿ ಮಾಡಿದ ಪ್ಯಾಂಟು ಹಾಕಿಕೊಂಡ ಮೇಲೆ ಕೂರುವ ಹಾಗಿಲ್ಲ, ಊಟಕ್ಕೆ ಕೂರಬೇಕೆಂದರೆ ಬಿಚ್ಚಿಟ್ಟು ಕೂರಬೇಕು. ಇಷ್ಟೆಲ್ಲ ಆದಮೇಲೂ ಉಳಿದ ಸುಕ್ಕನ್ನು ಕಂಪ್ಯೂಟರ್ ಮುಂದೆ ಕೂತ ರಿಟಚರ್ ಅಳಿಸುತ್ತಾನೆ.

ಕಂಕುಳ ಕೆಳಗಿನ ಸುಕ್ಕು ನಿಮಗೇ ಗೊತ್ತಿರುವ ಹಾಗೆ ಕೈ ಎತ್ತುವುದಕ್ಕೆ ಬಿಟ್ಟ ಬಟ್ಟೆ. ಮಾಡೆಲ್ ಕೈ ಎತ್ತಬೇಕಾಗಿಲ್ಲ, ನಿಮ್ಮ ಗಿರಾಕಿ ಬಸ್ಸಿನ ಕಂಬಿ ಹಿಡಿಯಬೇಕು. ಮುಂದಿನ ಸಲ ಯಾರಾದರೂ ಫೋಟೋ ತಂದರೆ "ಇದರ ಹಿಂಭಾಗದ ಫೋಟೋನೂ ತನ್ನಿ ಸ್ವಾಮಿ, ಹಾಗೇ ಹೊಲಿದುಕೊಡುತ್ತೇನೆ" ಅನ್ನಿ.

ಪ್ರಶ್ನೆ: ಗಂಡು ಮಾಡೆಲ್‌ಗಳು ಯಾಕೆ ನಗುವುದೇ ಇಲ್ಲ? ಹರಳೆಣ್ಣೆ ಕುಡಿದವರ ಮುಖ. (ವಿದ್ಯಾರ್ಥಿನಿ, ಚಿಕ್ಕಮಗಳೂರು)

ನಗುತ್ತಾರೆ, ನೀವು ನೋಡುವ ಪುಟದಲ್ಲಿ ನಗುವುದಿಲ್ಲ ಅಷ್ಟೇ. ಟೂತ್‌ಪೇಸ್ಟ್, ಬ್ಯಾಂಕು, ಹಬ್ಬದ ಆಫರ್ ಇಂಥ ಕಡೆ ಎಲ್ಲರೂ ಹಲ್ಲು ಬಿಡುತ್ತಾರೆ. ಮ್ಯಾಗಜಿನ್‌ನ ಫ್ಯಾಷನ್ ಪುಟಗಳನ್ನು ನಾವು ಎಡಿಟೋರಿಯಲ್ ಅನ್ನುತ್ತೇವೆ, ಅಲ್ಲಿ ನಕ್ಕರೆ ಓದುಗರ ಕಣ್ಣು ಸೀದಾ ಮುಖಕ್ಕೆ ಹೋಗುತ್ತದೆ, ಕೋಟನ್ನು ಯಾರು ನೋಡಬೇಕು? ಇನ್ನೊಂದು ಕಾರಣ ಸುಮ್ನೆ ಅಭ್ಯಾಸ. ಗಂಡಸು ಗಂಭೀರವಾಗಿದ್ದರೆ ಬಟ್ಟೆಗೆ ಬೆಲೆ ಜಾಸ್ತಿ ಅಂತ ಈ ಲೈನಿನಲ್ಲಿ ಎಲ್ಲರೂ ನಂಬಿಬಿಟ್ಟಿದ್ದಾರೆ. ನನಗಂತೂ ನಗುವ ಫೋಟೋನೇ ಇಷ್ಟ, ಆದರೆ ಕೊನೆಗೆ ಆಯ್ಕೆಯಾಗುವುದು ಅದಲ್ಲ.

ಪ್ರಶ್ನೆ: ಮೇಡಂ, ನನಗೆ 19 ವರ್ಷ, ಆರಡಿ ಒಂದಿಂಚು, ಡಿಗ್ರಿ ಎರಡನೇ ವರ್ಷ. ಇನ್‌ಸ್ಟಾಗ್ರಾಂನಲ್ಲಿ ಬೆಂಗಳೂರಿನ ಒಂದು ಏಜೆನ್ಸಿಯವರು ಮೆಸೇಜ್ ಮಾಡಿದ್ದರು. 45,000 ರೂಪಾಯಿ ಕಟ್ಟಿದರೆ ಪೋರ್ಟ್‌ಫೋಲಿಯೊ ಮಾಡಿಸಿ ಮೂರು ತಿಂಗಳಲ್ಲಿ ದೊಡ್ಡ ಬ್ರ್ಯಾಂಡ್ ಕೆಲಸ ಗ್ಯಾರಂಟಿ ಅಂತೆ. ಅಪ್ಪ ಸಾಲ ಮಾಡಿ ಕೊಡುತ್ತೇನೆ ಅನ್ನುತ್ತಿದ್ದಾರೆ. ನಾನು ಸ್ವಲ್ಪ ಕಪ್ಪು, ಅದು ತೊಂದರೆಯಾಗುತ್ತದಾ? (ರಾಯಚೂರು)

ಕೊಡಬೇಡಪ್ಪ. ಒಂದು ರೂಪಾಯಿನೂ ಬೇಡ. ಅಪ್ಪನಿಗೆ ಇವತ್ತೇ ಹೇಳು.

ನೆಟ್ಟಗಿರುವ ಏಜೆನ್ಸಿ ನಿನಗೆ ಕೆಲಸ ಕೊಡಿಸಿ, ಬಂದ ದುಡ್ಡಿನಲ್ಲಿ ಕಮಿಷನ್ ಹಿಡಿದುಕೊಳ್ಳುತ್ತದೆ, ಶೇ. 20ರ ಆಸುಪಾಸು. ಮೊದಲೇ ದುಡ್ಡು ಕೇಳುವವನಿಗೆ ನೀನು ಮಾಡೆಲ್ ಅಲ್ಲ, ಗಿರಾಕಿ. ಇನ್ನು ಗ್ಯಾರಂಟಿ ಅನ್ನುವ ಮಾತು, ಈ ಕೆಲಸದಲ್ಲಿ ಅದನ್ನು ಯಾರೂ ಯಾರಿಗೂ ಕೊಡಲಾಗುವುದಿಲ್ಲ, ಹತ್ತು ಕಡೆ ಕಾಸ್ಟಿಂಗ್‌ಗೆ, ಅಂದರೆ ಮಾಡೆಲ್ ಆಯ್ಕೆಗೆ, ಹೋಗಿ ಒಂದು ಸಿಕ್ಕರೆ ಅದೃಷ್ಟ ಅನ್ನುವ ಕೆಲಸ ಇದು.

ಶುರುವಿನಲ್ಲಿ ಬೇಕಾಗುವುದು ದುಬಾರಿ ಆಲ್ಬಮ್ ಅಲ್ಲ. ಡಿಜಿಟಲ್ಸ್ ಅನ್ನುತ್ತಾರೆ: ಬಿಳಿ ಗೋಡೆ, ಕಿಟಕಿ ಬೆಳಕು, ಸಾದಾ ಟೀಶರ್ಟು, ಜೀನ್ಸು. ನೇರ ಒಂದು, ಪಕ್ಕದಿಂದ ಒಂದು, ಪೂರ್ತಿ ನಿಂತದ್ದು ಒಂದು, ಮುಖ ಹತ್ತಿರದಿಂದ ಒಂದು. ಫಿಲ್ಟರ್ ಬೇಡ, ಜೆಲ್ ಬೇಡ, ಕೂಲಿಂಗ್ ಗ್ಲಾಸ್ ಅಂತೂ ಬೇಡವೇ ಬೇಡ. ತಮ್ಮನ ಕೈಗೆ ಮೊಬೈಲ್ ಕೊಟ್ಟರೆ ಸಾಕು. ಜೊತೆಗೆ ಎತ್ತರ, ಎದೆ, ಸೊಂಟ, ಶೂ ನಂಬರು ಸರಿಯಾಗಿ ಬರಿ. ಎತ್ತರದಲ್ಲಿ ಒಂದಿಂಚು ಸುಳ್ಳು ಹೇಳಿದರೆ ಫಿಟ್ಟಿಂಗ್ ದಿನ ಪ್ಯಾಂಟೇ ಬಾಯಿಬಿಡುತ್ತದೆ. ಆಮೇಲೆ ಹೊಸ ಫೋಟೋಗ್ರಾಫರ್‌ಗಳು ತಮ್ಮ ಕೈಚಳಕ ತೋರಿಸಲು ಟೆಸ್ಟ್ ಶೂಟ್ ಮಾಡುತ್ತಿರುತ್ತಾರೆ, ಅವರಿಗೆ ಮಾಡೆಲ್ ಬೇಕು, ನಿನಗೆ ಫೋಟೋ ಬೇಕು, ಇಬ್ಬರೂ ದುಡ್ಡು ಕೊಡುವುದಿಲ್ಲ.

ಈಗ ಕೆಲಸ ಎಲ್ಲಿದೆ ಅಂತ ಹೇಳುತ್ತೇನೆ ಕೇಳು. ಮ್ಯಾಗಜಿನ್ ಎಡಿಟೋರಿಯಲ್‌ನಲ್ಲಿ ಹೆಸರು ಬರುತ್ತದೆ, ದುಡ್ಡು ಬರುವುದಿಲ್ಲ, ಬಂದರೂ ಆಟೋ ಖರ್ಚಿಗೆ ಸರಿ. ಅದರ ಪುಟವನ್ನು ತೋರಿಸಿ ಮುಂದಿನ ಕೆಲಸ ಹಿಡಿಯಬೇಕು. ಜಾಹೀರಾತು ಕ್ಯಾಂಪೇನ್‌ನಲ್ಲಿ ದುಡ್ಡು ಇದೆ, ಆದರೆ ಅದು ಎಲ್ಲೋ ವರ್ಷಕ್ಕೊಂದು. ತಿಂಗಳ ಬಾಡಿಗೆ ಕಟ್ಟುವುದು ಆನ್‌ಲೈನ್ ಅಂಗಡಿಗಳ ಕ್ಯಾಟಲಾಗ್ ಕೆಲಸ, ಮಿಂತ್ರಾ, ಫ್ಲಿಪ್‌ಕಾರ್ಟ್ ಎರಡೂ ಬೆಂಗಳೂರಿನವೇ. ಬೆಳಗ್ಗೆಯಿಂದ ಸಂಜೆ ತನಕ ಒಂದಾದ ಮೇಲೆ ಒಂದು ಶರ್ಟು, ಮುಂದೆ, ಹಿಂದೆ, ಪಕ್ಕ, ಬಿಚ್ಚು, ಇನ್ನೊಂದು ಹಾಕು. ಎಷ್ಟೋ ಫೋಟೋಗಳಲ್ಲಿ ತಲೆಯೇ ಇರುವುದಿಲ್ಲ, ಮೂಗಿನ ಕೆಳಗೆ ಕಟ್. ಊರಿಗೆ ಹೋಗಿ ಅಮ್ಮನಿಗೆ "ಇದು ನಾನೇ" ಅಂದರೆ ನಂಬುವುದಿಲ್ಲ.

ಒಪ್ಪಂದದ ಕಾಗದದಲ್ಲಿ ಮುಖ್ಯವಾಗಿ ಯೂಸೇಜ್ ನೋಡು. ನಿನ್ನ ಫೋಟೋ ಎಲ್ಲೆಲ್ಲಿ, ಎಷ್ಟು ತಿಂಗಳು ಹಾಕುತ್ತಾರೆ ಅನ್ನುವುದು. ಒಂದು ದಿನದ ಸಂಬಳ ಕೊಟ್ಟು ಜೀವಮಾನ ಪೂರ್ತಿ ಹೋರ್ಡಿಂಗ್‌ಗೆ ಹಾಕಿಕೊಳ್ಳುವ ಸಾಲು ಅದರಲ್ಲಿ ತೂರಿಸಿರುತ್ತಾರೆ. ದುಡ್ಡು ಬರುವುದು ಎರಡು ಮೂರು ತಿಂಗಳು ಬಿಟ್ಟು, ಅದೂ ಟಿಡಿಎಸ್ ಅನ್ನುವ ತೆರಿಗೆ ಹಿಡಿದುಕೊಂಡು, ಹಾಗಾಗಿ ಪ್ಯಾನ್ ಕಾರ್ಡ್ ಮಾಡಿಸಿಟ್ಟುಕೋ, ಬಿಲ್ ಕಳಿಸಿದ್ದಕ್ಕೆ ಮೇಲ್ ಇರಲಿ.

ಬಣ್ಣದ ವಿಷಯ. ಸುಳ್ಳು ಹೇಳುವುದಿಲ್ಲ. ಶೇರ್ವಾನಿ ಮಾರುವವರು ಇನ್ನೂ ಬೆಳ್ಳಗಿನ ಮದುಮಗನೇ ಬೇಕು ಅನ್ನುತ್ತಾರೆ, 2005ರಲ್ಲಿ ಗಂಡಸರಿಗೇ ಅಂತ ಬೇರೆಯಾಗಿ ಬೆಳ್ಳಗಾಗುವ ಕ್ರೀಮು ತಂದು ಮಾರಿದ ದೇಶ ಇದು. ಆದರೆ 1990ರ ದಶಕದಲ್ಲೇ ಟೈಸನ್ ಬೆಕ್‌ಫೋರ್ಡ್ ಅನ್ನುವ ಕಪ್ಪು ಹುಡುಗ ರಾಲ್ಫ್ ಲಾರೆನ್ ಪೋಲೊ ಅನ್ನುವ ಅಮೆರಿಕದ ಬಟ್ಟೆ ಬ್ರ್ಯಾಂಡ್‌ನ ಜಾಹೀರಾತಿನ ಮುಖವಾಗಿದ್ದ. ನಮ್ಮಲ್ಲೂ ಎಡಿಟೋರಿಯಲ್ ಮಾಡುವವರಿಗೆ ಈಗ ಕಪ್ಪು ಮೈ ಬೇಕು, ಬೆಳಕು ಅದರ ಮೇಲೆ ಬೀಳುವ ಚಂದವೇ ಬೇರೆ. ಡಿಗ್ರಿ ಮಾತ್ರ ಮುಗಿಸು. ಮುಗಿಸಿದ ಮೇಲೆ ಬಾ, ಆಗಲೂ ಆರಡಿ ಒಂದಿಂಚೇ ಇರುತ್ತೀಯ.

ಪ್ರಶ್ನೆ: ಎಲ್ಲ ಕೆಲಸದಲ್ಲೂ ಗಂಡಸರಿಗೆ ಸಂಬಳ ಜಾಸ್ತಿ. ಮಾಡೆಲಿಂಗ್‌ನಲ್ಲಿ ಉಲ್ಟಾ ಅಂತೆ, ನಿಜವಾ? (ಗೃಹಿಣಿ, ಧಾರವಾಡ)

ನಿಜ. 2013ರ ಫೋರ್ಬ್ಸ್ ಪತ್ರಿಕೆಯ ಲೆಕ್ಕದಲ್ಲಿ ಅತಿ ಹೆಚ್ಚು ಗಳಿಸಿದ ಗಂಡು ಮಾಡೆಲ್ ಅಮೆರಿಕದ ಶಾನ್ ಓಪ್ರೈ, ವರ್ಷಕ್ಕೆ 15 ಲಕ್ಷ ಡಾಲರ್. ಅದೇ ವರ್ಷ ಬ್ರೆಜಿಲ್‌ನ ಹೆಣ್ಣು ಮಾಡೆಲ್ ಜಿಸೆಲ್ ಬುಂಡ್ಶೆನ್ ಗಳಿಸಿದ್ದು 4.2 ಕೋಟಿ ಡಾಲರ್. ಹೆಂಗಸರ ಬಟ್ಟೆ, ಮೇಕಪ್ಪು, ಸೆಂಟಿನ ಮಾರುಕಟ್ಟೆಯೇ ಅಷ್ಟು ದೊಡ್ಡದು, ದುಡ್ಡು ಅಲ್ಲಿಂದ ಬರುತ್ತದೆ. ಗಂಡಸರನ್ನು ಕಂಡು ಅಯ್ಯೋ ಅನ್ನಬೇಡಿ ಮತ್ತೆ, ಅವರಿಗೆ ನಲವತ್ತಾದರೂ ಕೆಲಸ ಸಿಗುತ್ತದೆ, ಹುಡುಗಿಯರಲ್ಲಿ ಹೆಚ್ಚಿನವರನ್ನು ಮೂವತ್ತರೊಳಗೇ ಪಕ್ಕಕ್ಕಿಡುತ್ತಾರೆ.

ಪ್ರಶ್ನೆ: ನಾನು ಜಿಮ್ ಟ್ರೇನರ್. ಮಾಡೆಲ್ ಆಗಬೇಕು ಅಂತ ಬರುವ ಹುಡುಗರೆಲ್ಲ ಸಿಕ್ಸ್ ಪ್ಯಾಕ್ ಕೇಳುತ್ತಾರೆ. ಎಷ್ಟು ಬಾಡಿ ಬಿಲ್ಡ್ ಮಾಡಬೇಕು? (ಹುಬ್ಬಳ್ಳಿ)

ಅವರು ಕೇಳಿದ್ದಕ್ಕಿಂತ ಕಡಿಮೆ. ತೋಳು ಊದಿದರೆ ಸ್ಯಾಂಪಲ್ ಕೋಟಿನ ತೋಳೇ ಹತ್ತುವುದಿಲ್ಲ.

ಈ ಸಿಕ್ಸ್ ಪ್ಯಾಕ್ ಹುಚ್ಚು ಬಂದದ್ದು ಒಳಉಡುಪಿನ ಜಾಹೀರಾತಿನಿಂದ. 1982ರಲ್ಲಿ ಕ್ಯಾಲ್ವಿನ್ ಕ್ಲೈನ್ ಕಂಪನಿ ಟಾಮ್ ಹಿಂಟ್ನಾಸ್ ಅನ್ನುವ ಪೋಲ್ ವಾಲ್ಟ್ ಆಟಗಾರನನ್ನು ಗ್ರೀಸಿನ ಸ್ಯಾಂಟೊರಿನಿ ದ್ವೀಪದಲ್ಲಿ ಬಿಳಿ ಗೋಡೆಗೆ ಒರಗಿಸಿ, ಬರೀ ಬಿಳಿ ಚಡ್ಡಿಯಲ್ಲಿ ಫೋಟೋ ತೆಗೆಸಿ ನ್ಯೂಯಾರ್ಕ್‌ನ ಟೈಮ್ಸ್ ಸ್ಕ್ವೇರ್‌ನಲ್ಲಿ ದೊಡ್ಡದಾಗಿ ನೇತುಹಾಕಿತು. ಅಲ್ಲಿಂದ ಕ್ರೀಡಾಪಟುವಿನ ಮೈಕಟ್ಟೇ ಬೇಕು ಅಂತಾಯಿತು. ಇಪ್ಪತ್ತು ವರ್ಷ ಕಳೆಯುವಷ್ಟರಲ್ಲಿ ಗಾಳಿ ತಿರುಗಿತು. ಪ್ಯಾರಿಸ್‌ನ ಡಿಯೋರ್ ಓಮ್‌ಗೆ (ಡಿಯೋರ್ ಕಂಪನಿಯ ಗಂಡಸರ ಬಟ್ಟೆ ವಿಭಾಗ) 2000ದಲ್ಲಿ ಬಂದ ಡಿಸೈನರ್ ಎಡಿ ಸ್ಲಿಮಾನ್ ಕಡ್ಡಿಯಂಥ ಹುಡುಗರಿಗೆ ಮಾತ್ರ ಹಿಡಿಸುವ ಸೂಟು ಹೊಲಿದ. ಆ ಸೂಟು ಹಾಕಲೇಬೇಕು ಅಂತ ಶನೆಲ್‌ನ ಡಿಸೈನರ್ ಕಾರ್ಲ್ ಲಾಗರ್‌ಫೆಲ್ಡ್, ಅರವತ್ತು ದಾಟಿದ ಮನುಷ್ಯ, 42 ಕೆಜಿ ಇಳಿಸಿದ! ಡಿಸೈನರ್‌ಗಳ ಹುಚ್ಚಿಗೆ ಮದ್ದಿಲ್ಲ.

ಹಾಗಾಗಿ ನಿಮ್ಮ ಹುಡುಗರಿಗೆ ಒಳಉಡುಪು, ಫಿಟ್‌ನೆಸ್ ಬ್ರ್ಯಾಂಡ್ ಬೇಕಿದ್ದರೆ ಸಿಕ್ಸ್ ಪ್ಯಾಕ್ ಮಾಡಿಸಿ, ಸೂಟು ಬೇಕಿದ್ದರೆ ಎದೆ 38–40, ಸೊಂಟ 30–32ರಲ್ಲಿ ನಿಲ್ಲಿಸಿ. ಶೂಟಿಂಗ್ ಹಿಂದಿನ ದಿನ ನೀರು ಕುಡಿಯುವುದು ಬಿಟ್ಟರೆ ಮಾಂಸಖಂಡ ಎದ್ದು ಕಾಣುತ್ತದೆ ಅನ್ನುವ ಮಾತು ನಿಮ್ಮ ಜಿಮ್‌ನಲ್ಲೂ ಓಡಾಡುತ್ತಿರಬಹುದು. ದಯವಿಟ್ಟು ಅದಕ್ಕೆ ಹೂಂ ಅನ್ನಬೇಡಿ, ಲೈಟಿನ ಕೆಳಗೆ ತಲೆಸುತ್ತಿ ಬಿದ್ದವನನ್ನು ಎತ್ತಿ ಕೂರಿಸಿದ್ದೇನೆ.

ಪ್ರಶ್ನೆ: ಮಾಡೆಲ್‌ಗಳಾದ ಮಿಲಿಂದ್ ಸೋಮನ್, ಮಧು ಸಪ್ರೆ ಹೆಬ್ಬಾವು ಸುತ್ತಿಕೊಂಡು ನಿಂತ ಶೂ ಜಾಹೀರಾತು ನೆನಪಿದೆ. ಕೇಸು ಏನಾಯಿತು? (ಶಿವಮೊಗ್ಗ)

ಅದು 1995ರ ಟಫ್ಸ್ ಶೂ ಜಾಹೀರಾತು. ಫೋಟೋ ತೆಗೆದದ್ದು ಪ್ರಬುದ್ಧ ದಾಸ್‌ಗುಪ್ತಾ. ಮೈಮೇಲೆ ಶೂ ಮತ್ತು ಹಾವು ಬಿಟ್ಟರೆ ಏನೂ ಇಲ್ಲ. ಅಶ್ಲೀಲ ಅಂತ ಒಂದು ಕೇಸು, ಹೆಬ್ಬಾವನ್ನು ಬಳಸಿದ್ದಕ್ಕೆ ವನ್ಯಜೀವಿ ಕಾಯ್ದೆಯಡಿ ಇನ್ನೊಂದು. 14 ವರ್ಷ ನಡೆದು 2009ರಲ್ಲಿ ಖುಲಾಸೆ ಆಯಿತು. ಅಷ್ಟರಲ್ಲಿ ಮಿಲಿಂದ್ ಟೀವಿಯಲ್ಲಿ ಕ್ಯಾಪ್ಟನ್ ವ್ಯೋಮ್ ಆಗಿ ಮನೆಮಾತಾಗಿದ್ದರು. ಈಗ ಆ ಫೋಟೋ ನೋಡಿದರೆ ನನಗೆ ಆ ಹಾವಿನ ಮೇಲೆ ಕನಿಕರ ಬರುತ್ತದೆ.

ಪ್ರಶ್ನೆ: ಕರ್ನಾಟಕದಿಂದ ಇಂಥ ಮಾಡೆಲ್ ಯಾರೂ ಇಲ್ವಾ? (ತುಮಕೂರು)

ಡೀನೋ ಮೋರಿಯಾ ಬೆಂಗಳೂರಿನಲ್ಲಿ ಹುಟ್ಟಿ ಓದಿದ ಹುಡುಗ. ರ‍್ಯಾಂಪ್ ಮೇಲೆ ಫ್ಯಾಷನ್ ಶೋಗಳಲ್ಲಿ ಹುಡುಗರನ್ನು ನಡೆಸಿದವರಲ್ಲಿ ದೊಡ್ಡ ಹೆಸರು ಪ್ರಸಾದ್ ಬಿದ್ದಪ್ಪ, ಅವರೂ ಬೆಂಗಳೂರಿನವರೇ.

ಪ್ರಶ್ನೆ: ನನ್ನ ಮಗನಿಗೆ 17. ಒಬ್ಬ ಫೋಟೋಗ್ರಾಫರ್ "ಒಬ್ಬನೇ ಬಾ, ಅಮ್ಮ ಜೊತೆಗಿದ್ದರೆ ನಾಚಿಕೆ ಆಗುತ್ತದೆ" ಅಂದನಂತೆ. ಗಂಡು ಹುಡುಗ ಅಲ್ವಾ, ಕಳಿಸಲಾ? (ದಾವಣಗೆರೆ)

ಕಳಿಸಬೇಡಿ ಅಕ್ಕ. ಗಂಡು ಹುಡುಗ ಅನ್ನುವ ಆ ಧೈರ್ಯದಲ್ಲೇ ಎಷ್ಟೋ ಮಕ್ಕಳು ಪೆಟ್ಟು ತಿಂದಿದ್ದಾರೆ. 2018ರಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಗೆ ಹಲವು ಗಂಡು ಮಾಡೆಲ್‌ಗಳು ಇಬ್ಬರು ಬಹಳ ದೊಡ್ಡ ಫೋಟೋಗ್ರಾಫರ್‌ಗಳ ಹೆಸರು ಹೇಳಿ ಲೈಂಗಿಕ ಕಿರುಕುಳದ ಆರೋಪ ಮಾಡಿದರು. ಇಬ್ಬರೂ ಅಲ್ಲಗಳೆದರು, ಆದರೆ ವೋಗ್ ಮ್ಯಾಗಜಿನ್ ಹೊರತರುವ ಕಾಂಡೆ ನಾಸ್ಟ್ ಅವರಿಗೆ ಕೆಲಸ ಕೊಡುವುದನ್ನು ನಿಲ್ಲಿಸಿತು. ನಮ್ಮಲ್ಲಿ ಕೆಲಸದ ಜಾಗದ ಕಿರುಕುಳದ 2013ರ ಕಾಯ್ದೆ ಹೆಂಗಸರಿಗೆ ಮಾತ್ರ. 18 ತುಂಬದ ಹುಡುಗರಿಗೆ ಪೋಕ್ಸೊ, ಅಂದರೆ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಕಾಯ್ದೆ, ಇದೆ, ಅದು ಗಂಡು ಹೆಣ್ಣು ಅಂತ ನೋಡುವುದಿಲ್ಲ. ನಿಜವಾದ ಶೂಟ್ ಅಂದರೆ ಹಿಂದಿನ ದಿನವೇ ಜಾಗ, ಟೈಮು, ಯಾರ‍್ಯಾರು ಇರುತ್ತಾರೆ ಅನ್ನುವ ಕಾಲ್ ಶೀಟ್ ಬರುತ್ತದೆ, ಮೇಕಪ್‌ನವರು, ಸ್ಟೈಲಿಸ್ಟು, ಲೈಟ್ ಹುಡುಗರು ಎಲ್ಲ ಇರುತ್ತಾರೆ. ಆ ಜನಜಾತ್ರೆಯಲ್ಲಿ ಅಮ್ಮ ಒಬ್ಬರು ಮೂಲೆಯಲ್ಲಿ ಕುರ್ಚಿ ಹಾಕಿಕೊಂಡು ಕೂತರೆ ಯಾರಿಗೂ ಏನೂ ಆಗುವುದಿಲ್ಲ. ಬೇಡ ಅಂದನಲ್ಲ, ಅವನ ನಂಬರ್ ಬ್ಲಾಕ್ ಮಾಡಿ.

ಪ್ರಶ್ನೆ: ನಾನು ರಿಟೈರಾದ ಮೇಷ್ಟ್ರು, 61 ವರ್ಷ, ಬಿಳಿ ಗಡ್ಡ. ಮೊಮ್ಮಗಳು ಮಾಡೆಲ್ ಆಗು ತಾತ ಅನ್ನುತ್ತಾಳೆ. ತಮಾಷೆಯಾ? (ಮೈಸೂರು)

ತಮಾಷೆ ಏನಲ್ಲ ಸರ್. ಚೀನಾದ ವಾಂಗ್ ದೆಶುನ್ 79ನೇ ವಯಸ್ಸಿನಲ್ಲಿ, 2015ರಲ್ಲಿ, ಬೀಜಿಂಗ್‌ನ ರ‍್ಯಾಂಪ್ ಮೇಲೆ ಅಂಗಿ ಇಲ್ಲದೆ ನಡೆದು ಲೋಕಕ್ಕೆಲ್ಲ ಸುದ್ದಿಯಾದರು. ನೀವು ಅಂಗಿ ಬಿಚ್ಚಬೇಕಾಗಿಲ್ಲ. ವಿಮೆ, ಆಸ್ಪತ್ರೆ, ಒಡವೆ, ರೇಷ್ಮೆ ಪಂಚೆ, ಕಾಫಿ ಪುಡಿ ಎಲ್ಲದಕ್ಕೂ ತಾತಂದಿರು ಬೇಕು, ಸರಿಯಾದವರು ಸಿಗುವುದೇ ಕಷ್ಟ, ಕೊನೆಗೆ ಮೂವತ್ತೈದರವನ ತಲೆಗೆ ಬಿಳಿ ಬಣ್ಣ ಬಳಿದು ನಿಲ್ಲಿಸುತ್ತಾರೆ. ಮೇಲೆ ರಾಯಚೂರಿನ ಹುಡುಗನಿಗೆ ಹೇಳಿದ ಹಾಗೆಯೇ ನಾಲ್ಕು ಫೋಟೋ ತೆಗೆಸಿ, ಮೊಮ್ಮಗಳ ಕೈಯಲ್ಲೇ ಬೆಂಗಳೂರಿನ ಎರಡು ಮೂರು ಏಜೆನ್ಸಿಗೆ ಮೇಲ್ ಮಾಡಿಸಿ. ಗಡ್ಡಕ್ಕೆ ಮಾತ್ರ ಡೈ ಹಾಕಿಸಬೇಡಿ, ಅವರಿಗೆ ಬೇಕಿರುವುದೇ ಅದು.