ರೈಫಲ್ ಕೊಳ್ಳುವಾಗ ದೇಶದ ಮುದ್ರೆ ನೋಡಬೇಕೇ?

ಟೆಕ್ಸಾಸ್‌ನಲ್ಲಿರುವ ನೀವು ಕೇಳಿರುವುದು ಇಷ್ಟು: ಜಿಂಕೆ ಬೇಟೆಗೆ ಅಲ್ಲಿ ಪರವಾನಗಿ ಸಿಕ್ಕಿದೆ, ಅಂಗಡಿಯವನು ಜಪಾನಿನಲ್ಲಿ ತಯಾರಾದ ವೆದರ್‌ಬೈ ವ್ಯಾನ್‌ಗಾರ್ಡ್ ರೈಫಲ್ ತೋರಿಸುತ್ತಿದ್ದಾನೆ, ಜೊತೆಯವರು ಜರ್ಮನಿಯದಲ್ಲದೆ ಬೇರೆ ಯಾವುದನ್ನೂ ಮುಟ್ಟಬೇಡ ಎನ್ನುತ್ತಿದ್ದಾರೆ, ಯಾರ ಮಾತು ಕೇಳಲಿ? ಈ ಸಲ ಅಂಗಡಿಯವನ ಮಾತನ್ನೇ ಕೇಳಿ.

ನಾನು ಬೇಟೆಗಾರನಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ನಮ್ಮಲ್ಲಿ ಆ ಹವ್ಯಾಸಕ್ಕೆ ಜಾಗವೂ ಇಲ್ಲ. ಬಳ್ಳಾರಿಯ ಕೌಲ್ ಬಜಾರಿನಲ್ಲಿ ಲೇತ್ ಅಂಗಡಿ ನಡೆಸುತ್ತೇನೆ. ದರೋಜಿ ಕಡೆ ಹೊಲವಿರುವ ನಮ್ಮ ಚಿಕ್ಕಪ್ಪನ ಬಳಿ ಬೆಳೆ ರಕ್ಷಣೆಯ ಲೈಸೆನ್ಸಿನ ಜೋಡುನಳಿಗೆ ಕೋವಿ ಇದೆ. ಮೆಕ್ಕೆಜೋಳಕ್ಕೆ ನುಗ್ಗುವ ಹಂದಿಗಳನ್ನು ಸದ್ದು ಮಾಡಿ ಓಡಿಸುವುದು, ಚುನಾವಣೆ ಬಂದಾಗ ಠಾಣೆಗೆ ಒಪ್ಪಿಸಿ ಬರುವುದು, ಅದರ ಕೆಲಸ ಇಷ್ಟೇ. ಆದರೆ ಉಕ್ಕು, ಹದ, ಕೊರೆತ ನನ್ನ ದಿನನಿತ್ಯದ ವ್ಯವಹಾರವಾದ್ದರಿಂದ ಈ ವಿಷಯವನ್ನು ಹುಡುಕಿ ಓದಿದ್ದೇನೆ.

ಅಮೆರಿಕದ್ದೇ ಒಂದು ಕಥೆ ಕೇಳಿ. ಅಲ್ಲಿನ ಸರ್ಕಾರಿ ಬಂದೂಕು ಕಾರ್ಖಾನೆಯಾದ ಸ್ಪ್ರಿಂಗ್‌ಫೀಲ್ಡ್ ಆರ್ಮರಿಯಲ್ಲಿ ತಯಾರಾದ 1903ರ ಮಾದರಿಯ ರೈಫಲ್‌ಗಳಲ್ಲಿ ಕ್ರಮಸಂಖ್ಯೆ 8 ಲಕ್ಷಕ್ಕಿಂತ ಕೆಳಗಿನವನ್ನು ಹಾರಿಸಲು ಬಲ್ಲವರು ಇಂದಿಗೂ ಹಿಂಜರಿಯುತ್ತಾರೆ. ತೋಟಾವನ್ನು ನಳಿಗೆಗೆ ತಳ್ಳಿ ಹಿಂದಿನಿಂದ ಮುಚ್ಚುವ ಬೋಲ್ಟ್ ಕೂರುವ ಉಕ್ಕಿನ ಭಾಗವಾದ ರಿಸೀವರನ್ನು ಹದಗೊಳಿಸುವಾಗ ಅಲ್ಲಿನ ಕೆಲಸಗಾರರು ಕಾದ ಉಕ್ಕಿನ ಬಣ್ಣವನ್ನು ಕಣ್ಣಂದಾಜಿನಲ್ಲಿ ನೋಡುತ್ತಿದ್ದರು. ಬಿಸಿಲು ಜೋರಾದ ದಿನ ಕೆಂಪು ಮಂಕಾಗಿ ಕಾಣುತ್ತದೆ. ಸಾಲದು ಎಂದು ಇನ್ನಷ್ಟು ಕಾಯಿಸುತ್ತಿದ್ದರು. ಅತಿಯಾಗಿ ಕಾದ ಉಕ್ಕು ಪೆಡಸಾಯಿತು, ಕೆಲವು ರಿಸೀವರ್‌ಗಳು ಗುಂಡು ಹಾರಿಸುವಾಗ ಚೂರಾದವು. 1918ರಲ್ಲಿ ಶಾಖ ಅಳೆಯುವ ಉಪಕರಣವನ್ನೂ ಎರಡು ಹಂತದ ಹದವನ್ನೂ ತಂದ ಮೇಲೆ ದೋಷ ಹೋಯಿತು. ನಮ್ಮ ಕಮ್ಮಾರರೂ ಬಣ್ಣ ನೋಡಿಯೇ ಹಾರೆಗೆ ಹದ ಹಾಕುತ್ತಿದ್ದರು. ಹಾರೆ ಮುರಿದರೆ ಇನ್ನೊಂದು ಹಾರೆ ಬರುತ್ತದೆ. ಇದು ಕೆನ್ನೆಯ ಪಕ್ಕದಲ್ಲಿ ಮುರಿಯುವ ಉಕ್ಕು. ಒಂದೇ ದೇಶ, ಒಂದೇ ಕಾರ್ಖಾನೆ, ವ್ಯತ್ಯಾಸವೆಲ್ಲ ಕ್ರಮಸಂಖ್ಯೆಯಲ್ಲಿ.

ವಿಂಚೆಸ್ಟರ್ ಮಾಡೆಲ್ 70ರ ಕಥೆಯೂ ಹೀಗೆಯೇ. 1936ರಲ್ಲಿ ಬಂದ ರೈಫಲ್ ಅದು. 1964ರಲ್ಲಿ ಖರ್ಚು ತಗ್ಗಿಸಲು ತೋಟಾ ಹಿಡಿಯುವ ವಿಧಾನವನ್ನೇ ಬದಲಿಸಿದರು, ಮರದ ಮೇಲಿನ ಕೈಕೆತ್ತನೆಯ ಜಾಗಕ್ಕೆ ಅಚ್ಚೊತ್ತಿದ ಗೆರೆಗಳು ಬಂದವು. ಕೊಳ್ಳುವವರು ಇಂದಿಗೂ '64ಕ್ಕೆ ಮುಂಚಿನದೇ?' ಎಂದು ಕೇಳುತ್ತಾರೆ. ದೇಶದ ಪ್ರಶ್ನೆ ಅಲ್ಲಿ ಏಳುವುದೇ ಇಲ್ಲ.

ಇನ್ನು ನಿಮ್ಮ ವೆದರ್‌ಬೈ. ಇದೇ ಕಂಪನಿಯ ಮಾರ್ಕ್ 5 ರೈಫಲ್ ಒಂದು ಕಾಲಕ್ಕೆ ಜರ್ಮನಿಯ ಸೌಅರ್ ಕಾರ್ಖಾನೆಯಲ್ಲಿ, ಆಮೇಲೆ ಜಪಾನಿನ ಹೋವಾದಲ್ಲಿ, 1990ರ ದಶಕದಿಂದ ಅಮೆರಿಕದಲ್ಲಿ ತಯಾರಾಯಿತು. ಸಂಗ್ರಾಹಕರು ಜರ್ಮನಿಯದಕ್ಕೆ ಹೆಚ್ಚು ಹಣ ಕೊಡುತ್ತಾರೆ, ಅದು ಅವರ ಚಪಲ. ವ್ಯಾನ್‌ಗಾರ್ಡ್ ಹೋವಾದ ಕೆಲಸ. ನಳಿಗೆಯನ್ನು ತಣ್ಣನೆಯ ಉಕ್ಕಿನ ಮೇಲೆಯೇ ಸುತ್ತಲೂ ಸುತ್ತಿಗೆಗಳಿಂದ ಬಡಿದು ರೂಪಿಸುತ್ತಾರೆ, ಗುಂಡನ್ನು ಗಿರಗಿರ ತಿರುಗಿಸುವ ಒಳಗಿನ ತಿರುಗುಗೆರೆಗಳೂ ಅದೇ ಬಡಿತದಲ್ಲಿ ಮೂಡುತ್ತವೆ. ಒಳಗೆ ಅಚ್ಚಿನಂತೆ ಇಡುವ ಗಟ್ಟಿ ಸರಳು, ಅಂದರೆ ಮಂಡ್ರೆಲ್, ಸರಿಯಿದ್ದರೆ ಸಾವಿರ ನಳಿಗೆಗಳು ಒಂದೇ ರೀತಿ ಬರುತ್ತವೆ. ಅದನ್ನು ನಡೆಸುವವನ ಪಾಸ್‌ಪೋರ್ಟ್ ಉಕ್ಕಿಗೆ ತಿಳಿಯುವುದಿಲ್ಲ.

ನಮ್ಮ .315 ರೈಫಲನ್ನೇ ನೋಡಿ. ರಚನೆ ಬ್ರಿಟಿಷರ ಲೀ-ಎನ್‌ಫೀಲ್ಡ್, ತೋಟಾ ಆಸ್ಟ್ರಿಯಾದ ಹಳೆಯ 8 ಮಿ.ಮೀ. ಮನ್‌ಲಿಕರ್, ಕೆಲಸ ಬಂಗಾಳದ ಇಶಾಪುರದ್ದು. ಅದನ್ನು ಯಾವ ದೇಶದ್ದೆಂದು ಕರೆಯುತ್ತೀರಿ?

ದೇಶ ನಿಜಕ್ಕೂ ಲೆಕ್ಕಕ್ಕೆ ಬರುವುದು ಕಾನೂನಿನಲ್ಲಿ. ಚಿಕ್ಕಪ್ಪನ ಕೋವಿಯ ನಳಿಗೆ ಬಿಚ್ಚಿ ತಳದ ಚಪ್ಪಟೆ ಭಾಗ ನೋಡಿದರೆ ಮೊಟ್ಟೆಯಾಕಾರದ ಪುಟ್ಟ ಮುದ್ರೆ ಕಾಣುತ್ತದೆ: ನಡುವೆ ಇ, ಎಲ್, ಜಿ ಅಕ್ಷರಗಳು, ಕೆಳಗೆ ನಕ್ಷತ್ರ, ನೆತ್ತಿಯ ಮೇಲೆ ಕಿರೀಟ. ಬೆಲ್ಜಿಯಂನ ಲಿಯೇಜ್ ಊರಿನ ಪರೀಕ್ಷಾಲಯದ ಗುರುತು ಅದು. ಕಿರೀಟ ಸೇರಿದ್ದು 1893ರಲ್ಲಿ, ಆದ್ದರಿಂದ ಕೋವಿ ಅದಕ್ಕಿಂತ ಈಚಿನದು. ಜರ್ಮನಿ, ಬ್ರಿಟನ್, ಬೆಲ್ಜಿಯಂಗಳಲ್ಲಿ ಮಾರಾಟಕ್ಕೆ ಮುನ್ನ ಪ್ರತಿ ಕೋವಿಯೂ ಹೆಚ್ಚಿನ ಒತ್ತಡದ ತೋಟಾ ಹಾರಿಸಿ ಪಾಸಾಗಬೇಕು. ಅಮೆರಿಕದಲ್ಲಿ ಅಂಥ ಸರ್ಕಾರಿ ಕಡ್ಡಾಯವಿಲ್ಲ, ಪರೀಕ್ಷೆ ತಯಾರಕರದೇ ಹೊಣೆ. ಆದರೆ ಮುದ್ರೆ ಹೇಳುವುದು ಕೋವಿ ಸಿಡಿಯಲಿಲ್ಲ ಎಂಬುದನ್ನಷ್ಟೇ. ಗುರಿಗೆ ತಾಗುತ್ತದೆ ಎಂದಲ್ಲ. ಅದೇ ಲಿಯೇಜ್ ಸುತ್ತಮುತ್ತ ಬ್ರೌನಿಂಗ್‌ನ ಅತ್ಯುತ್ತಮ ಕೋವಿಗಳೂ ತಯಾರಾದವು, ಇಂಗ್ಲಿಷ್ ತಯಾರಕರನ್ನು ನೆನಪಿಸುವ ಹೆಸರು ಹೊತ್ತ ಅಗ್ಗದ ಮಾಲೂ ತಯಾರಾಯಿತು.

ಅಂಗಡಿಯಲ್ಲಿ ಮೊದಲು ಖಾಲಿ ಇದೆಯೆಂದು ಖಚಿತಪಡಿಸಿಕೊಂಡು ಬೋಲ್ಟ್ ಹೊರತೆಗೆಯಿರಿ, ನಳಿಗೆಯನ್ನು ಬೆಳಕಿಗೆ ಹಿಡಿದು ನೋಡಿ. ಬಾಯಂಚಿನಲ್ಲಿ ಕಚ್ಚು ಬಿದ್ದಿರಬಾರದು. ಸಣ್ಣ ಕಚ್ಚೂ ಗುಂಡಿನ ದಾರಿ ಕೆಡಿಸುತ್ತದೆ. ನಳಿಗೆಗೂ ಹಿಡಿಯ ಮುಂಭಾಗಕ್ಕೂ ನಡುವೆ ಕಾಗದದ ಚೂರು ತೂರಿಸಿ. ಎರಡೂ ಬದಿ ಒಂದೇ ಸಮ ಸರಿಯಬೇಕು, ಒಂದೇ ಬದಿ ಸಿಕ್ಕಿಕೊಂಡರೆ ಬೇರೆಯದನ್ನು ಕೇಳಿ. ಜರ್ಮನಿಯ ಹೆಸರಿಗೆ ತೆರಬೇಕಿದ್ದ ಹಣದಲ್ಲಿ ಒಳ್ಳೆಯ ದುರ್ಬೀನು ಬರುತ್ತದೆ.

ಊರಿಗೆ ಮರಳುವಾಗ ತರುವ ಯೋಚನೆ ಇದ್ದರೆ ಕ್ಯಾಲಿಬರನ್ನು, ಅಂದರೆ ನಳಿಗೆಯ ಒಳ ಅಳತೆಯನ್ನು, ಈಗಲೇ ವಿಚಾರಿಸಿ ಆರಿಸಿ. ಸೇನೆಯ .303 ಅಥವಾ 7.62 ಮಿ.ಮೀ. ತೋಟಾ ಹಾರಿಸಬಲ್ಲ ರೈಫಲ್ ನಮ್ಮಲ್ಲಿ ನಿಷೇಧಿತ ಬೋರು. ಅಲ್ಲಿ ಎಲ್ಲೆಡೆ ಸಿಗುವ .308 ಈ 7.62 ತೋಟಾ ಹಾರಿಸಬಲ್ಲದ್ದರಿಂದ ಇದೇ ಲೆಕ್ಕಕ್ಕೆ ಬೀಳುತ್ತದೆ. .30-06 ಆದರೆ ಆ ತೊಡಕಿಲ್ಲ, ಲೈಸೆನ್ಸ್ ಮತ್ತು ಕಸ್ಟಮ್ಸ್ ತೊಡಕು ಹೇಗೂ ಇದ್ದೇ ಇದೆ.