ತೂತೇ ಇಲ್ಲದ ಪ್ಲಾಸ್ಟಿಕ್ ಪೊರೆ ಗ್ಯಾಸನ್ನು ಹೇಗೆ ಸೋಸುತ್ತದೆ? ಅದಕ್ಕೆ ಪುಡಿ ಯಾಕೆ ಬೆರೆಸುತ್ತಾರೆ? ನಮ್ಮ ಗೋಬರ್ ಗ್ಯಾಸಿಗೆ ಹಾಕಬಹುದಾ?

ಮೂರು ವರ್ಷ ಲ್ಯಾಬಿನಲ್ಲಿ ಇಂಥ ಪೊರೆಗಳನ್ನೇ ಮಾಡಿದ್ದೇನೆ. ನನಗೆ ತಿಳಿದಷ್ಟು ಹೇಳುತ್ತೇನೆ.

ಮೊದಲು ಜರಡಿಯನ್ನು ಮರೆತುಬಿಡಿ. ಹುಟ್ಟುಹಬ್ಬಕ್ಕೆ ಕಟ್ಟಿದ ಬಲೂನು ಮಾರನೇ ದಿನ ಸೊರಗಿರುತ್ತದೆ ಅಲ್ವಾ? ಗಂಟು ಬಿಗಿಯಾಗಿದ್ದರೂ, ತೂತಿಲ್ಲದಿದ್ದರೂ ಅಷ್ಟೆ. ಒಳಗಿನ ಅನಿಲ ರಬ್ಬರಿನಲ್ಲಿ ಕರಗಿ, ನಿಧಾನವಾಗಿ ನುಸುಳಿ ಆಚೆ ಬರುತ್ತದೆ. ಚೆನ್ನಾಗಿ ಕರಗುವ, ಬೇಗ ನುಸುಳುವ ಅನಿಲ ಮೊದಲು ದಾಟುತ್ತದೆ. 1866ರಲ್ಲೇ ಥಾಮಸ್ ಗ್ರಹಾಂ ರಬ್ಬರ್ ಪೊರೆಯಲ್ಲಿ ಗಾಳಿ ಹಾಯಿಸಿ, 21% ಇದ್ದ ಆಮ್ಲಜನಕವನ್ನು ಸುಮಾರು 40%ಗೆ ಏರಿಸಿದ್ದರು. ನಿಮ್ಮ ಗೋಬರ್ ಗ್ಯಾಸಿನಲ್ಲೂ ಇದೇ ಕಥೆ. ಅದರಲ್ಲಿರುವ ಉರಿಯದ ಕಾರ್ಬನ್ ಡೈಆಕ್ಸೈಡ್ ಕಣ ಸುಮಾರು 0.33 ನ್ಯಾನೊಮೀಟರ್, ಉರಿಯುವ ಮೀಥೇನ್ 0.38. ಮೊದಲನೆಯದು ಪ್ಲಾಸ್ಟಿಕ್ಕಿನಲ್ಲಿ ಕರಗುವುದೂ ಜಾಸ್ತಿ. ಅದು ಆಚೆ ಹೋಗುತ್ತದೆ, ಮೀಥೇನ್ ಬಹುಪಾಲು ಈಚೆಯೇ ಉಳಿಯುತ್ತದೆ.

ತೊಂದರೆ ಏನೆಂದರೆ, ಗ್ಯಾಸನ್ನು ಬೇಗ ಬಿಡುವ ಪ್ಲಾಸ್ಟಿಕ್, ಯಾವುದನ್ನು ಬಿಡಬೇಕು ಯಾವುದನ್ನು ತಡೆಯಬೇಕು ಅಂತ ಸರಿಯಾಗಿ ಆರಿಸುವುದಿಲ್ಲ. ಸರಿಯಾಗಿ ಆರಿಸುವುದು ಬೇಗ ಬಿಡುವುದಿಲ್ಲ. ಸಿಲಿಕೋನ್ ರಬ್ಬರ್ ಮೊದಲ ಜಾತಿ, ಪಾಲಿಇಮೈಡ್ ಎರಡನೆಯದು. ರೋಬ್ಸನ್ ಎಂಬ ವಿಜ್ಞಾನಿ 1991ರಲ್ಲಿ ನೂರಾರು ಪಾಲಿಮರ್‌ಗಳ (ಅಂದರೆ ಇಂಥ ಪ್ಲಾಸ್ಟಿಕ್, ರಬ್ಬರ್‌ಗಳ) ಈ ಎರಡೂ ಗುಣಗಳ ಅಳತೆಗಳನ್ನು ಒಂದೇ ನಕ್ಷೆಯಲ್ಲಿ ಹಾಕಿ, ಅವು ದಾಟದ ಒಂದು ಗೆರೆ ಎಳೆದರು. 2008ರಲ್ಲಿ ಆ ಗೆರೆಯನ್ನು ತುಸು ಮೇಲಕ್ಕೆ ಸರಿಸಿದರು.

ಪುಡಿ ಬೆರೆಸುವುದು ಆ ಗೆರೆ ದಾಟೋಣ ಅಂತ. ಜಿಯೋಲೈಟ್ ಎಂಬ ಖನಿಜದ ಪುಡಿಯ ಕಣದೊಳಗೆ ಎಲ್ಲ ಕಡೆ ಒಂದೇ ಅಳತೆಯ ಸಣ್ಣ ಸಣ್ಣ ದಾರಿಗಳಿರುತ್ತವೆ, ಹಾಗಾಗಿ ಅದು ಚೆನ್ನಾಗಿ ಆರಿಸುತ್ತದೆ. ಆದರೆ ಬರೀ ಜಿಯೋಲೈಟಿನಲ್ಲಿ ದೊಡ್ಡ ಹಾಳೆ ಮಾಡಲು ಹೋದರೆ ದುಬಾರಿ, ಬಿರುಕೂ ಬಿಡುತ್ತದೆ. ಅದಕ್ಕೇ ಪ್ಲಾಸ್ಟಿಕ್ಕಿನಲ್ಲಿ ಕಲಸುವುದು.

ಕಷ್ಟ ಶುರುವಾಗುವುದು ಇಲ್ಲೇ. ಪಾಲಿಇಮೈಡನ್ನು ಡೈಕ್ಲೋರೋಮೀಥೇನಿನಲ್ಲಿ ಕರಗಿಸಿ, ಪುಡಿ ಸೇರಿಸಿ, ಗಾಜಿನ ಮೇಲೆ ಹುಯ್ದು, ಬೇಗ ಒಣಗದಿರಲಿ ಅಂತ ಮೇಲೆ ಆಲಿಕೆ ಬೋರಲು ಹಾಕುತ್ತಿದ್ದೆ. ಮಾರನೇ ದಿನ ಗಾಜನ್ನು ನೀರಿಗಿಟ್ಟರೆ ಹಾಳೆ ತಾನೇ ಬಿಟ್ಟುಕೊಳ್ಳುತ್ತಿತ್ತು. ನೋಡಲು ಚೆಂದ. ಅಳೆದರೆ, ಪುಡಿ ಹಾಕದ ಹಾಳೆಗಿಂತ ಆರಿಸುವ ಗುಣ ಕಡಿಮೆ! ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ನೋಡಿದಾಗ ಒಂದೊಂದು ಕಣದ ಸುತ್ತಲೂ ಕಪ್ಪು ಉಂಗುರ ಕಂಡಿತು. ಬೇಸಿಗೆಯಲ್ಲಿ ನೀರು ಕಾಣದ ಹೂಕುಂಡ ನೋಡಿರುತ್ತೀರಿ. ಮಣ್ಣು ಒಣಗಿ ಅಂಚು ಬಿಟ್ಟಿರುತ್ತದೆ, ಹುಯ್ದ ನೀರು ಬೇರಿಗೆ ತಾಗದೆ ಆ ಸಂದಿಯಲ್ಲೇ ಹರಿದುಹೋಗುತ್ತದೆ. ನನ್ನ ಹಾಳೆಯಲ್ಲಿ ಗ್ಯಾಸ್ ಮಾಡಿದ್ದೂ ಅದನ್ನೇ. ಆಮೇಲೆ ಪುಡಿಗೆ ಮೊದಲು ತೆಳುವಾಗಿ ಪಾಲಿಮರ್ ಲೇಪಿಸಿ, ಉಳಿದದ್ದನ್ನು ನಂತರ ಸೇರಿಸಿದೆ. ಉಂಗುರಗಳು ಬಹಳ ಕಡಿಮೆಯಾದವು. ಪುಡಿ ಯಾವುದು ಅನ್ನುವುದಕ್ಕಿಂತ ಅದು ಪ್ಲಾಸ್ಟಿಕ್ಕಿಗೆ ಹೇಗೆ ಅಂಟಿದೆ ಅನ್ನುವುದೇ ಮುಖ್ಯ ಅಂತ ನಾನು ನಂಬಿದ್ದು ಆಗ.

ಕಾರ್ಖಾನೆಯ ಪೊರೆಗಳ ಕಥೆಯೂ ಇದಕ್ಕೆ ದೂರವಲ್ಲ. ಅಲ್ಲಿ ಕೆಲಸ ಮಾಡುವ ಪದರ ಒಂದು ಮೈಕ್ರಾನಿಗಿಂತ ತೆಳು, ಅದರ ಕೆಳಗೆ ತೂತು ತೂತಾದ ಆಧಾರ. ಸೂಜಿಮೊನೆಗಿಂತ ಎಷ್ಟೋ ಸಣ್ಣ ತೂತುಗಳು ಉಳಿದರೂ ಎಲ್ಲ ಕೆಡುತ್ತದೆ. ಮಾನ್ಸಾಂಟೊ ಕಂಪನಿಯವರು ಪಾಲಿಸಲ್ಫೋನ್ ಎಂಬ ಪ್ಲಾಸ್ಟಿಕ್ಕಿನ ಕೊಳವೆಯಾಕಾರದ ಪೊರೆಗಳಿಗೆ ತೆಳುವಾಗಿ ಸಿಲಿಕೋನ್ ಬಳಿದು ಆ ತೂತುಗಳನ್ನು ಮುಚ್ಚಿದರು. 1980ರ ಹೊತ್ತಿಗೆ ಅವರ ಪೊರೆಗಳು ಅಮೋನಿಯಾ ಕಾರ್ಖಾನೆಗಳಲ್ಲಿ ಹೈಡ್ರೋಜನ್ ಉಳಿಸುತ್ತಿದ್ದವು. ಈ ಉಪಾಯ ಇವತ್ತಿಗೂ ನನಗೆ ಬಹಳ ಇಷ್ಟ.

ಇನ್ನು ನಿಮ್ಮ ಗೋಬರ್ ಗ್ಯಾಸ್. ಬರೀ ಒಲೆಗಾದರೆ ಪೊರೆ ಬೇಡ, ಹಾಗೇ ಉರಿಯುತ್ತದೆ. ಸಿಲಿಂಡರಿಗೆ ತುಂಬಬೇಕು, ಗಾಡಿ ಓಡಿಸಬೇಕು ಅಂದರೆ ಮಾತ್ರ ಯೋಚಿಸಿ. ಆಗಲೂ ಮೊದಲು ನೀರಿನ ಪಸೆ, ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಎರಡನ್ನೂ ತೆಗೆಯಬೇಕು. ಕಂಪ್ರೆಸರ್ ಬೇಕು. ಒಂದೇ ಹಂತದಲ್ಲಿ ಮಾಡಿದರೆ ಮೀಥೇನ್ ಸುಮ್ನೆ ಪೋಲಾಗುತ್ತದೆ, ಹಾಗಾಗಿ ಎರಡು ಮೂರು ಹಂತ ಇಡುತ್ತಾರೆ. ನಾಲ್ಕಾರು ಹಸುಗಳ ಮನೆಗೆ ಈ ಖರ್ಚು ಗಿಟ್ಟುವುದಿಲ್ಲ. ಹತ್ತಾರು ಮನೆಯವರ ಸಗಣಿ ಒಂದೇ ಕಡೆ ಸೇರುವ ಹಾಗಿದ್ದರೆ ದಿನಕ್ಕೆ ಎಷ್ಟು ಗ್ಯಾಸ್ ಬರುತ್ತದೆ ಅಂತ ತಿಳಿಸಿ, ಕೂತು ಲೆಕ್ಕ ಹಾಕಿ ಹೇಳುತ್ತೇನೆ.