ಯೂನಿಯನ್ ಮಾಡಿದರೆ ಹಾಸನದಿಂದ ಫ್ಯಾಕ್ಟರಿ ಎತ್ತಿಕೊಂಡು ಹೋಗ್ತಾರಾ?

ಯೂನಿಯನ್ ಕಟ್ಟಿದರೆ ಇರೋ ಫ್ಯಾಕ್ಟರಿಯೂ ಹಾಸನ ಬಿಟ್ಟು ಹೋಗುತ್ತೆ ಅಂತ ಮ್ಯಾನೇಜರ್ ಹೇಳ್ತಾರೆ, ನಿಜಾನಾ, ಸರ್ಕಾರ ತಡೆಯೋಕೆ ಆಗುತ್ತಾ ಅಂತ ಕೇಳಿದ್ದೀರಿ. ನಾನು ಇಲ್ಲೇ ಒಂದು ಗಾರ್ಮೆಂಟ್ಸ್‌ನಲ್ಲಿ 8 ವರ್ಷ ಟೈಲರ್ ಆಗಿದ್ದವಳು. ಇದೇ ಮಾತನ್ನು ನಾನೂ ಕೇಳಿದ್ದೀನಿ.

ಓಟಿ ದುಡ್ಡು ಸಂಬಳದ ಚೀಟಿಯಲ್ಲಿ ಸರಿಯಾಗಿ ಬರ್ತಿರಲಿಲ್ಲ. ಕೆಲವರು ಯೂನಿಯನ್ ಮಾಡೋಣ ಅಂತ ಬಸ್ಸಿನಲ್ಲೇ ಹೆಸರು ಬರೆದುಕೊಳ್ಳೋಕೆ ಶುರು ಮಾಡಿದ್ದರು. ಎರಡು ದಿನ ಕಳೀತು, ಊಟದ ಬೆಲ್ ಹೊಡೆದರೂ ನಮ್ಮನ್ನು ಬಿಡಲಿಲ್ಲ. ಮೆಷಿನ್ ಎಲ್ಲಾ ಆಫ್ ಮಾಡಿಸಿ, ದೊಡ್ಡ ಮ್ಯಾನೇಜರ್ ಮೈಕ್ ಹಿಡಿದು, "ಯೂನಿಯನ್ ಗೀನಿಯನ್ ಅಂದ್ರೆ ಇಷ್ಟೂ ಮೆಷಿನ್ ಲಾರಿಗೆ ಹಾಕ್ಕೊಂಡು ಆಂಧ್ರಕ್ಕೆ ಹೋಗ್ತೀವಿ, ನೀವು ಶುಂಠಿ ಕೀಳೋಕೆ ಹೋಗಿ" ಅಂದರು. ಹೆಸರು ಬರೆದ ಹಾಳೆ ಪಕ್ಕದ ಮೆಷಿನ್ ಅಕ್ಕನ ಹತ್ತಿರ ಇತ್ತು. ಅದನ್ನು ಮಡಚಿ ಮಡಚಿ ಬೆರಳುದ್ದ ಮಾಡಿ ಬ್ಲೌಸೊಳಗೆ ಇಟ್ಟುಕೊಂಡರು. ಸಂಜೆ ಬಸ್ಸಿನಲ್ಲಿ ಯಾರೂ ಆ ವಿಷಯ ಎತ್ತಲಿಲ್ಲ.

ಮೊದಲು ಒಂದು ವಿಷಯ ತಿಳ್ಕೊಳ್ಳಿ. ಗಾರ್ಮೆಂಟ್ಸ್‌ನವರು ಹಾಸನಕ್ಕೆ ಬಂದಿದ್ದು ಇಲ್ಲಿ ಯೂನಿಯನ್ ಇಲ್ಲ ಅನ್ನೋ ಒಂದೇ ಕಾರಣಕ್ಕಲ್ಲ. ನಮ್ಮ ರಾಜ್ಯದಲ್ಲಿ ಕನಿಷ್ಠ ವೇತನ ವಲಯದ ಮೇಲೆ ನಿಗದಿಯಾಗುತ್ತೆ. ಬೆಂಗಳೂರಲ್ಲಿ ಹೆಚ್ಚು, ಜಿಲ್ಲೆಗಳಲ್ಲಿ ಕಡಿಮೆ. ಕೆಐಎಡಿಬಿ (ಸರ್ಕಾರದ ಕೈಗಾರಿಕಾ ಪ್ರದೇಶ ಮಂಡಳಿ) ಕೊಡೋ ಜಾಗ, ಮಂಗಳೂರು ಬಂದರಿಗೆ ಹೆದ್ದಾರಿ, ಜವಳಿಗೆ ಸರ್ಕಾರದ ಸಬ್ಸಿಡಿ. ಇದೆಲ್ಲದರ ಜೊತೆಗೆ ಮುಂಜಾನೆ ಕತ್ತಲಲ್ಲೇ ಬಸ್ಸಿಗೆ ಕಾಯುವ ಹಳ್ಳಿ ಹೆಣ್ಣುಮಕ್ಕಳು. ಇಷ್ಟನ್ನೂ ಬಿಟ್ಟು ಹೋಗೋದು ಮೈಕಿನಲ್ಲಿ ಹೇಳಿದಷ್ಟು ಸುಲಭವಲ್ಲ.

ಇನ್ನು ಕಾನೂನು. ಹೊಸ ಫ್ಯಾಕ್ಟರಿ ಎಲ್ಲಿ ಕಟ್ಟಬೇಕು ಅನ್ನೋದು ಕಂಪನಿಗೆ ಬಿಟ್ಟಿದ್ದು. ಆದರೆ ಜಾಗ ಆರಿಸೋದು ಬೇರೆ, ಜಾಗದ ಹೆಸರಲ್ಲಿ ಕೆಲಸಗಾರರನ್ನು ಹೆದರಿಸೋದು ಬೇರೆ. ಅಮೆರಿಕದಲ್ಲಿ ಇದೇ ಪ್ರಶ್ನೆ ಎದ್ದಿತ್ತು. 2008ರಲ್ಲಿ ವಿಮಾನ ತಯಾರಿಸೋ ಬೋಯಿಂಗ್ ಕಂಪನಿಯ ಕೆಲಸಗಾರರು ಸುಮಾರು 8 ವಾರ ಮುಷ್ಕರ ಮಾಡಿದರು. ಮರುವರ್ಷ ಕಂಪನಿ 787 ವಿಮಾನ ಜೋಡಿಸೋ ಎರಡನೇ ಲೈನನ್ನು ಯೂನಿಯನ್ ಬಲ ಕಡಿಮೆ ಇರುವ ಸೌತ್ ಕ್ಯಾರೊಲಿನಾ ರಾಜ್ಯದಲ್ಲಿ ಹಾಕೋದಾಗಿ ಹೇಳಿತು. ಮುಷ್ಕರ ಪದೇಪದೇ ಆಗೋದೇ ಕಾರಣ ಅಂತ ದೊಡ್ಡ ಅಧಿಕಾರಿಯೊಬ್ಬರು ಪತ್ರಿಕೆಗೂ ಹೇಳಿಬಿಟ್ಟರು. ಆ ಮಾತನ್ನೇ ಹಿಡಿದು 2011ರ ಏಪ್ರಿಲ್‌ನಲ್ಲಿ ಅಲ್ಲಿನ ಕಾರ್ಮಿಕ ಸಂಬಂಧಗಳ ಮಂಡಳಿ ದೂರು ದಾಖಲಿಸಿತು. ಡಿಸೆಂಬರ್‌ನಲ್ಲಿ ಕಂಪನಿ ಮತ್ತು ಯೂನಿಯನ್ ಹೊಸ ಒಪ್ಪಂದ ಮಾಡಿಕೊಂಡವು, ದೂರು ಅಲ್ಲಿಗೇ ಮುಗೀತು. ಸೌತ್ ಕ್ಯಾರೊಲಿನಾ ಫ್ಯಾಕ್ಟರಿ ಮಾತ್ರ ನಿಲ್ಲಲಿಲ್ಲ. ಕಾನೂನಿಗೆ ಎಷ್ಟು ಬಲ ಇದೆ, ಎಷ್ಟಿಲ್ಲ ಅನ್ನೋದು ಇದರಲ್ಲೇ ಕಾಣುತ್ತೆ.

ನಮ್ಮಲ್ಲಿ 1947ರ ಕೈಗಾರಿಕಾ ವಿವಾದ ಕಾಯ್ದೆಯ ಐದನೇ ಅನುಸೂಚಿಯಲ್ಲೇ, ಯೂನಿಯನ್ ಕಟ್ಟಿದರೆ ಬಾಗಿಲು ಹಾಕ್ತೀವಿ ಅಂತ ಬೆದರಿಸೋದು ಅನುಚಿತ ಪದ್ಧತಿ ಅಂತ ಬರೆದಿತ್ತು. ಅದರ ಜಾಗಕ್ಕೆ ಬಂದ, 2025ರ ನವೆಂಬರ್ 21ರಿಂದ ಜಾರಿಯಲ್ಲಿರುವ ಕೈಗಾರಿಕಾ ಸಂಬಂಧಗಳ ಸಂಹಿತೆ ಅನ್ನೋ ಹೊಸ ಕಾನೂನಿನಲ್ಲೂ ಅದು ಉಳಿದಿದೆ. ಆದರೆ ಒಂದು ಕಡೆ ನಮಗೆ ನಷ್ಟ ಆಗಿದೆ. ಮೊದಲು 100 ಜನ ಇದ್ದ ಫ್ಯಾಕ್ಟರಿ ಮುಚ್ಚೋಕೂ ಸರ್ಕಾರದ ಅನುಮತಿ ಬೇಕಿತ್ತು, ಈಗ 300 ಜನ ಇದ್ದರೆ ಮಾತ್ರ. ನನಗೆ ಇದು ತುಂಬಾ ಸಂಕಟದ ವಿಷಯ.

ಯೂನಿಯನ್ ಇಲ್ಲದಿದ್ದರೆ ಗಲಾಟೆಯೇ ಇರಲ್ಲ ಅನ್ನೋದೂ ಸುಳ್ಳು. 58 ವರ್ಷ ಆಗೋವರೆಗೆ ಮಾಲೀಕರ ಪಾಲಿನ ಪಿಎಫ್ ತೆಗೆಯೋ ಹಾಗಿಲ್ಲ ಅಂದಾಗ, 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಗಾರ್ಮೆಂಟ್ಸ್ ಹೆಂಗಸರು ಯಾವ ಲೀಡರೂ ಕರೆಯದೆ ರಸ್ತೆಗಿಳಿದರು. ಎರಡೇ ದಿನಕ್ಕೆ ಕೇಂದ್ರ ಆ ನಿಯಮ ವಾಪಸ್ ತಗೊಂಡಿತು.

ಮ್ಯಾನೇಜರ್ ನಿಮಗೆ ಹೇಳಿದ್ದನ್ನು ಅವರ ಮಾತಲ್ಲೇ ಇವತ್ತೇ ಬರೆದಿಡಿ. ತಾರೀಖು, ಹೊತ್ತು, ಯಾವ ಲೈನ್, ಯಾರ್ಯಾರು ಕೇಳಿಸಿಕೊಂಡರು, ಎಲ್ಲಾ ಇರಲಿ. ಬೋಯಿಂಗ್ ಮೇಲೆ ದೂರು ನಿಂತಿದ್ದೇ ಆಡಿದ ಮಾತಿನ ಮೇಲೆ. ನಾಲ್ಕು ಜನ ಸಹಿ ಹಾಕಿ ಹಾಸನದ ಕಾರ್ಮಿಕ ಅಧಿಕಾರಿ ಕಚೇರಿಗೆ ಕೊಟ್ಟು, ಸ್ವೀಕೃತಿ ಮುದ್ರೆ ಹಾಕಿಸಿಕೊಂಡೇ ಬನ್ನಿ. ನಾವು ಅವತ್ತು ಬರೆದಿಡಲಿಲ್ಲ. ಎರಡು ತಿಂಗಳಾದಮೇಲೆ ಅಕ್ಕ ಲೇಬರ್ ಆಫೀಸಿಗೆ ಹೋದಾಗ, ಯಾವ ದಿನ ಹೇಳಿದರು ಅಂತ ಸಾಹೇಬರು ಕೇಳಿದ ಮೊದಲ ಪ್ರಶ್ನೆಗೇ ನಮ್ಮ ಹತ್ತಿರ ಉತ್ತರ ಇರಲಿಲ್ಲ.